ನಲವತ್ತೊಂಬತ್ತನೆಯ ಮನೆ

ಪಿಯಾನೋದಲ್ಲಿ ಎಂಬತ್ತೆಂಟು ಮನೆ.
ಶ್ರುತಿ ಕೂಡಿಸುವವರು ಶುರುಮಾಡುವುದು ನಲವತ್ತೊಂಬತ್ತನೆಯದರಿಂದ;
ಅದೊಂದು ನಿಂತರೆ ಉಳಿದವು ಅದರ ಬೆನ್ನಿಗೆ ನಿಲ್ಲುತ್ತವೆ.
ನನಗೂ ಈಗ ಅಷ್ಟೇ ವಯಸ್ಸು.
ಇದನ್ನು ಹೇಳಬೇಕೆಂದಿರಲಿಲ್ಲ,
ಹೇಳಬೇಕಾದ್ದು ಬೇರೆಯೇ ಇತ್ತು, ನೋಡಿ,
ಹೀಗೇ ನನ್ನ ಕತೆ.

ಹೋಬಾರ್ಟಿನ ಚರ್ಚು, ಶಾಲೆ, ವಿಧವೆಯರ ನಡುಮನೆ,
ಎಲ್ಲೆಲ್ಲಿ ಪಿಯಾನೋ ಇದೆಯೋ ಅಲ್ಲೆಲ್ಲ ನನ್ನದೊಂದು ವಸ್ತು ಬಿದ್ದಿದೆ:
ಒಂಟಿ ಕೈಗವಸು, ಅರ್ಧ ತಿಂದ ಸೇಬು, ಶ್ರುತಿಕವೆ.
ತಂತಿಯ ಮುಂದೆ ಕೂತರೆ ಊಟದ ನೆನಪಿಲ್ಲ,
ಎದ್ದರೆ ಯಾಕೆ ಎದ್ದೆನೆಂಬುದೇ ನೆನಪಿಲ್ಲ.
ಕರೆಂಟು ಬಿಲ್ಲು ಫ್ರಿಜ್ಜಿನೊಳಗೆ ತಣ್ಣಗೆ ಮಲಗಿರುತ್ತಿತ್ತು.
ಹದಿಮೂರು ವರ್ಷ ಜೊತೆಗಿದ್ದ ಕಾಲಮ್ ಹೋಗುವಾಗ ಬೈಯಲಿಲ್ಲ.
ತೆರೆದಿಟ್ಟ ನಲ್ಲಿಯ ಪಕ್ಕ ಎಷ್ಟು ವರ್ಷ ನಿದ್ದೆ ಮಾಡಲಿ, ಎಂದ.
ನಿಜಕ್ಕೂ ಆಗ ಒಳಗೆ ನಲ್ಲಿ ಸುರಿಯುತ್ತಿತ್ತು.

ಮೊದಲ ಡಾಕ್ಟರು ಗಡಿಯಾರದ ಜೊತೆ ಮಾತಾಡಿದರು:
"ಸ್ವಂತ ಕಸುಬಿದೆ, ತೆರಿಗೆ ಕಟ್ಟುತ್ತೀರಿ, ನಿಮಗೆಲ್ಲಿಯ ಕಾಯಿಲೆ?
ಅದು ಎಂಟು ವರ್ಷದ ಗಂಡುಹುಡುಗರದ್ದು."
ನಾಲ್ಕು ವರ್ಷದ ತೆರಿಗೆ ಬಾಕಿಯಿತ್ತು. ಬಾಯಿಬಿಡಲಿಲ್ಲ.
ಎರಡನೆಯವರು ನನ್ನ ತೋಳು ತಿರುಗಿಸಿ ನೋಡಿದರು;
ಆ ಔಷಧಿಗೆ ಬೀದಿಯಲ್ಲಿ ಬೆಲೆಯಿದೆಯಂತೆ.
ಒಂದೊಂದು ಕಾಲಿಗೆ ಒಂದೊಂದು ಬಣ್ಣದ ಕಾಲ್ಚೀಲ ತೊಟ್ಟ ನಾನು
ಕಳ್ಳಿಯಂತೆ ಕಾರಿನೊಳಗೆ ಕೂತು ಅತ್ತೆ.
ಅಳುವಷ್ಟರಲ್ಲಿ ಪಾರ್ಕಿಂಗ್ ಹೊತ್ತು ಮುಗಿದು ದಂಡವೂ ಬಿತ್ತು.

ಮೂರನೆಯವರು ಲಾನ್ಸೆಸ್ಟನ್ನಿನಲ್ಲಿ.
ಎರಡೂವರೆ ತಾಸಿನ ದಾರಿ, ಹನ್ನೊಂದು ತಿಂಗಳ ಸರತಿ.
ಆ ದಿನವನ್ನೂ ಮರೆತೆ.
ಸಂಜೆ ಅವರೇ ಫೋನ್ ಮಾಡಿದರು, ಡಾಕ್ಟರ್ ಯಾಸ್ನಾ ಕೊವಾಚ್:
"ಮೆರಿನ್, ನನ್ನಲ್ಲಿಗೆ ಬರಬೇಕಾದವರು ಮರೆಯದೆ ಬಂದರೆ
ನನಗೇ ಅನುಮಾನ. ಗುರುವಾರ ಬನ್ನಿ.
ಬುಧವಾರ ನೆನಪಿಸುತ್ತೇನೆ. ಶಾಲೆಯ ಹಳೆ ವರದಿಗಳಿದ್ದರೆ ತನ್ನಿ."

ಅಮ್ಮನ ಪಿಯಾನೋ ಸ್ಟೂಲಿನ ಹೊಟ್ಟೆಯಲ್ಲಿ ಸಿಕ್ಕವು,
ಹುಳ ತಿಂದ ಅಂಚು.
ಏಳನೆಯ ವರ್ಷ: ಜಾಣೆ, ಆದರೆ ಸದಾ ಕಿಟಕಿಯದೇ ಧ್ಯಾನ.
ಒಂಬತ್ತು: ಜಾಣೆ, ಆದರೆ.
ಹನ್ನೊಂದು: ಆದರೆ.
ಅವರು ಓದಿದರು, ಬೆರಳಿಟ್ಟು, ಸಾಲು ಬಿಡದೆ.
ಯಾರೂ ಹಾಗೆ ನನ್ನನ್ನು ಓದಿರಲಿಲ್ಲ.

ಮೊದಲ ಗುಳಿಗೆಗೆ ದವಡೆ ಬಿಗಿಯಿತು, ಎದೆಯೊಳಗೆ ತಮಟೆ;
ಮೂರು ಗಂಟೆಗೆ ಇಳಿಯುವಾಗ ಕಂಡಕಂಡವರ ಮೇಲೆ ಸಿಟ್ಟು.
ಎರಡನೆಯದು ಇನ್ನೂ ಕೆಟ್ಟದ್ದು: ಎಲ್ಲ ಸರಿಯಿತ್ತು.
ಬಿಲ್ಲು ಕಟ್ಟಿದೆ, ಅಡುಗೆಮನೆ ತೊಳೆದೆ,
ಆದರೆ ಎರಡು ತಂತಿಗಳ ನಡುವೆ ತೂಗುವ ಅಲೆ,
ನನ್ನ ಅನ್ನದ ಅಲೆ, ಕೇಳಿಸಲಿಲ್ಲ.
ಸುಳ್ಳು. ಕೇಳಿಸಿತು; ಬೇಕೆನಿಸಲಿಲ್ಲ.
ಇಷ್ಟು ಕಾದು ಸಿಕ್ಕಿದ್ದನ್ನು ಬೇಡವೆನ್ನಲು ನಾಚಿಕೆ.
"ಬೇಡವೆನ್ನಿ," ಎಂದರು ಕೊವಾಚ್.
"ಬಿರಡೆಯನ್ನು ಒಂದೇ ಸಲಕ್ಕೆ ತಿರುಗಿಸಿ ಎದ್ದುಬಿಡುತ್ತೀರಾ?"
ಇಲ್ಲ. ಕೂದಲೆಳೆಯಷ್ಟು ಬಿಗಿದು, ಅದರರ್ಧ ಸಡಿಲಿಸಿ,
ಕೈ ತೆಗೆದು, ಕಿವಿಗೊಡುವುದು.
"ಹಾಗಾದರೆ?"

ಮೂರನೆಯದು, ಕಡಿಮೆ ಪ್ರಮಾಣದಲ್ಲಿ.
ಪವಾಡವೇನಲ್ಲ. ಕೆಟಲ್ ಈಗಲೂ ಕುದಿದು ಆರಿಹೋಗುತ್ತದೆ.
ಈ ತಿಂಗಳು ಆ ಗುಳಿಗೆಯೇ ಊರಲ್ಲಿಲ್ಲ;
ಔಷಧದಂಗಡಿಯ ಡೆಸ್ಮಂಡ್ ಡೆವನ್‌ಪೋರ್ಟಿಗೆ ಫೋನಿಸಿ
ಒಂದು ಡಬ್ಬಿ ತರಿಸಿ, ನನ್ನ ಹೆಸರು ಬರೆದಿಟ್ಟಿದ್ದಾನೆ.

ಮೊನ್ನೆ ಬಂದರಿನ ಪಕ್ಕದ ಶಾಲೆಯಲ್ಲಿ
ಮಕ್ಕಳ ಗಲಾಟೆ, ಬೆಟ್ಟದಿಂದಿಳಿದ ಗಾಳಿ, ಹಡಗಿನ ಕೂಗು
ಎಲ್ಲವೂ ಇದ್ದವು, ತಂತಮ್ಮ ಜಾಗದಲ್ಲಿ.
ನಲವತ್ತೊಂಬತ್ತನೆಯ ಮನೆ ಒತ್ತಿದೆ.
ಅಲೆ ನಿಧಾನವಾಯಿತು, ಇನ್ನೂ ನಿಧಾನ,
ನಿಂತಿತು.
ಉಳಿದ ಎಂಬತ್ತೇಳನ್ನೂ ಮುಗಿಸಿ ಎದ್ದೆ.
ಶ್ರುತಿಕವೆ ಚೀಲದಲ್ಲಿ, ಕೈಗವಸು ಎರಡೂ ಕೈಯಲ್ಲಿ.
ಬಾಗಿಲಲ್ಲಿ ಹಳೆಯ ಅಭ್ಯಾಸ ಜಗ್ಗಿತು: ಏನೋ ಬಿಟ್ಟಿದ್ದೀಯ.
ತಿರುಗಿ ನೋಡಿದೆ.
ಪಿಯಾನೋ ಇತ್ತು, ಅಷ್ಟೇ.
ಕಾರು ಎಲ್ಲಿ ನಿಲ್ಲಿಸಿದ್ದೆ ಎಂಬುದು ಬೇರೆ ಮಾತು.