ಹಸಿರು ಪೆಟ್ಟಿಗಿ

ಪುಣೆಯಿಂದ ಬಂದ ಹಾಳಿಯೊಳಗ ಇಪ್ಪತ್ತೆರಡು ಪ್ರಶ್ನೆ.
ಮೊದಲನೇದು: "ನಿಮ್ಮ ಕೆಲಸ ನಿಮಗೆ ತೃಪ್ತಿ ನೀಡಿದೆಯೇ?"
ಒಂದರಿಂದ ಐದರ ತನಕ
ಯಾವುದರೆ ಒಂದು ಅಂಕಿಗೆ ಸುತ್ತು ಹಾಕಬೇಕು.
ಉದ್ಯಮಬಾಗದ ನಮ್ಮ ಫೌಂಡ್ರಿಯೊಳಗ
ಅದನ್ನ ಓದಿ ಹೇಳೂ ಕೆಲಸ ನನ್ನದು.
ಹಾಜರಿ ಬರಿಯಾಕಿ, ರಜಾ ಕಡಿಯಾಕಿ ನಾನು,
ಹನ್ನೊಂದು ವರ್ಷದಾಗ
ಎಲ್ಲಾರ ಟೋಕನ್ ನಂಬರು ಬಾಯಿಪಾಠ,
ಹೆಸರು ಅರ್ಧಮರ್ಧ.

ಕೋರ್ ಶಾಪಿನ ಗಂಗವ್ವ ಮಾಸ್ತಿಹೊಳಿ
ಉಸುಕು ಮೆತ್ತಿದ ಬೆರಳು ಎತ್ತಿ ಕೇಳಿದಳು,
"ಐದು ಅಂದ್ರ ಛಲೋನೋ, ಕೆಟ್ಟೋ?"
ಛಲೋ ಅಂದೆ.
"ಹಂಗಾರ ಐದು ಬರಕೊಳ್ರಿ.
ಫ್ಯಾನು ಯಾವಾಗ ಬರತೈತಿ?"

ಇಮಾಮಹುಸೇನ ಭಟ್ಟಿ ಬಿಟ್ಟು ಬರಲಿಲ್ಲ.
ಸಾವಿರದ ನಾಲ್ಕುನೂರು ಡಿಗ್ರಿ ಮುಂದ ನಿಂತಾಂವಗ
ಒದರಿ ಕೇಳಬೇಕು.
"ತೃಪ್ತಿ ಐತೇನೋ?"
"ರಾತ್ರಿ ಪಾಳೀನಾ? ಬ್ಯಾಡ್ರಿ, ಹೋದ ವಾರ ಮಾಡೇನಿ!"

ಏಳನೇ ಪ್ರಶ್ನೆ:
"ನಿಮ್ಮ ಸಲಹೆಗಳಿಗೆ ಇಲ್ಲಿ ಬೆಲೆ ಇದೆಯೇ?"
ಯಾರೂ ಅಂಕಿ ಹೇಳಲಿಲ್ಲ.
ಎಲ್ಲಾರೂ ಒಮ್ಮೆಲೆ ಗ್ವಾಡಿ ಕಡೆ ನೋಡಿದರು.
ಅಲ್ಲಿ, ಸುರಕ್ಷತಾ ಸಪ್ತಾಹದ ಹಳೇ ಬ್ಯಾನರಿನ ಬಗಲಾಗ
ಹಸಿರು ಬಣ್ಣದ ತಗಡಿನ ಪೆಟ್ಟಿಗಿ,
ಮ್ಯಾಲ ಬೆರಳಿಂದ ಹೆಸರು ಬರಿಯೂವಷ್ಟು ಕರೀ ಧೂಳು.
ಕೀಲಿಕೈ ಯಾರ ಹತ್ತರ?
ಮ್ಯಾನೇಜರ್ ಬಾಳಿಕಾಯಿ ಅಂದರು, ಸ್ಟೋರು.
ಸ್ಟೋರಿನಾಂವ ಅಂದ, ಆಫೀಸು.
ಆಫೀಸು ಅಂದ್ರ ನಾನಽ.
ನನ್ನ ಡ್ರಾವರಿನೊಳಗ
ಸ್ಟೇಪ್ಲರ್ ಪಿನ್ನಿನ ಡಬ್ಬಿಯೊಳಗ ಇತ್ತು ಅದು.

ಮೂರು ಚೀಟಿ.
ಒಂದರಾಗ ಮಗಳ ತೊಟ್ಟಿಲಕ್ಕ ಎರಡು ದಿನ ರಜಾ ಕೇಳಿತ್ತು;
ಆ ಕೂಸು ಈಗ ಬಾಲವಾಡಿಗೆ ಹೋಗತಿರಬೇಕು.
ಇನ್ನೊಂದರಾಗ ಅಕ್ಷರನಽ ಇಲ್ಲ,
ಬರೇ ಒಂದು ಕರೀ ಹೆಬ್ಬಟ್ಟು,
ಹೇಳಾಕ ಬಂದು ಹೇಳದ ಹೋದಂಗ.
ಮೂರನೇದು ಚಿತ್ರ:
ಪಂಪಿನ ಬಾಡಿ,
ಕಾದ ಬೀಡು ಇಳಿಯೂ ದಾರಿ ಎಡಕ್ಕಿದ್ದದ್ದನ್ನ ಬಲಕ್ಕ ತಿರುವಿ,
ಬಾಣದ ಗುರುತು ಹಾಕಿ,
ಕೆಳಗ ಸಣ್ಣ ಅಕ್ಷರದಾಗ,
"ಹಿಂಗ ಸುರದ್ರ ತೂತು ಬೀಳೂದಿಲ್ಲ. ಟೋಕನ್ ೧೧೭."

ನೂರಾ ಹದಿನೇಳು. ಬಾಯಿಪಾಠ ಅಲ್ಲೇನು ನನಗ?
ಯಲ್ಲೋಜಿ.
ಯಲ್ಲೋಜಿ ತಾರಿಹಾಳಕರ.
ಹೋದ ದೀಪಾವಳಿಗೆ ಲೆಕ್ಕ ಮುಗಿಸಿಕೊಂಡು ಹೋದ.
ಕಾರಣ ಅನ್ನೂ ಕಾಲಮ್ಮಿನೊಳಗ
ಅವನ್ನ ಕೇಳದ ನಾನಽ ಬರದಿದ್ದೆ: ವೈಯಕ್ತಿಕ.

ಆ ಚಿತ್ರದಂಗ ಹತ್ತು ಅಚ್ಚು ಕಟ್ಟಿ ಸುರಿದರು.
ಒಂಬತ್ತು ಛಲೋ ಬಂದುವು.
ಬಾಳಿಕಾಯಿ ಸಾಹೇಬ್ರು ಒಂದೊಂದನ್ನೂ
ಕುದರಿ ಕುತ್ತಿಗಿ ಸವರಿದಂಗ ಸವರಿದರು.
ಹತ್ತನೇದು ಮತ್ತ ಭಟ್ಟಿಗೆ ಬಿತ್ತು,
ಕರಗಿತು, ಮರುದಿನ ಬ್ಯಾರೆ ಏನೋ ಆಗಿ ಹುಟ್ಟಿತು.
ಬಿಟ್ಟು ಹೋದ ಮನಷ್ಯಾನ್ನ ಯಾ ಭಟ್ಟಿಗೆ ಹಾಕೂದು?

ಮೂರನೇ ಗೇಟಿನ ಹತ್ತರ ಚಹಾದಂಗಡ್ಯಾಗ ಸಿಕ್ಕ,
ನಮ್ಮ ಎದುರಿನ ಫೌಂಡ್ರಿಯ ನೀಲಿ ಅಂಗಿಯೊಳಗ.
ಬಾಕಿನ ಮ್ಯಾಲ ಚೀಟಿ ಹಾಸಿದೆ.
ಪಗಾರದ ಮಾತು ತಗೀಲಿಲ್ಲ ಅವ,
ಬಡ್ತಿ ಮಾತೂ ಇಲ್ಲ.
"ಓದಿದ್ರ್ಯಾ?" ಅಂದ.
ಓದಿದ್ವಿ.
"ಯಾವಾಗ?"
ನನ್ನ ಚಹಾದ ಮ್ಯಾಲ ಕೆನಿ ಕಟ್ಟತಿತ್ತು.
"ಅಲ್ಲೂ ಒಂದು ಪೆಟ್ಟಿಗಿ ಐತಿ, ಅಕ್ಕಾರ.
ನಾ ಇನ್ನೂ ಏನೂ ಹಾಕಿಲ್ಲ."

ಬಂದು ಪೆಟ್ಟಿಗಿಯ ಬಾಗಿಲ ಕೀಳಿಸಿದೆ.
ಈಗ ಶನಿವಾರ ನಾಲ್ಕರ ಚಹಾಕ್ಕ
ಉಸುಕಿನ ಗುಂಪಿ ಬಗಲಾಗ ನಿಂತು ಓದತೇನಿ,
ನಂಬರು ಬಿಟ್ಟು ಹೆಸರು ಹಿಡಿದು.
ಆಗೂ ಮಾತಿಗೆ ತಾರೀಖು,
ಆಗದ್ದಕ್ಕ "ಆಗೂದಿಲ್ಲ" ಅಂತ ಅಲ್ಲೇ, ಮಾರಿ ನೋಡಿ.
ಇದು ಕಠಿಣ. ಸಾಹೇಬ್ರು ಎರಡು ಶನಿವಾರ ತಪ್ಪಿಸಿಕೊಂಡರು.
ಫ್ಯಾನು ಬಂತು. ಕೇಳಿದ್ದು ಎರಡು, ಬಂದದ್ದು ಒಂದು.

ಅದರ ಗಾಳಿಗೆ ಸೆರಗು ಹಾರಿಸಿಕೊಂತ
ಗಂಗವ್ವ ನನ್ನ ಕರದಳು.
"ಅವತ್ತ ಐದು ಅಂದಿದ್ನೆಲ್ಲಾ,
ಅದನ್ನ ಅಳಿಸಿ ಮೂರು ಮಾಡ್ರಿ."
ಯಾಕ ಗಂಗವ್ವ, ಫ್ಯಾನು ಬಂತಲ್ಲ?
ಆಕಿ ಕೋರಿನ ಅಂಚು ತಿಕ್ಕಿ ಸಾಫ್ ಮಾಡಿ ಇಟ್ಟು ಅಂದಳು,
"ಈಗ ನೀವು ಓದತೀರಿ."