ಏರ್ ಫಿಲ್ಟರ್

ಮೂರು ದಿನದಿಂದ ನಾಪೋಕ್ಲು ಏರಿನಲ್ಲಿ
ಓಮ್ನಿಗೆ ಏದುಸಿರು, ಎರಡನೇ ಗೇರಿಗೂ ಕೆಮ್ಮು.
‘ಕಾರ್ಬ್ಯುರೇಟರ್ ಅಕ್ಕಾ,’ ಅಂದ ಗ್ಯಾರೇಜಿನ ಅಸ್ಕರ್,
ಫೋನಿನಲ್ಲೇ.

ಭಾನುವಾರ ನಾನೇ ಸೀಟು ಎತ್ತಿದೆ.
ನಾಲ್ಕು ಕ್ಲಿಪ್ಪು. ತುಕ್ಕು ಹಿಡಿದದ್ದೊಂದು
ಉಗುರು ಕಿತ್ತುಕೊಂಡೇ ಬಿಟ್ಟಿತು.
ಮುಚ್ಚಳ ತೆಗೆದರೆ ಒಳಗೆ
ಇಲಿಯ ಸಂಸಾರ:
ಇನ್ಶೂರೆನ್ಸ್ ಕಾಗದದ ಚೂರು, ಸೀಟಿನ ಸ್ಪಂಜು,
ಒಂದು ಬೊಗಸೆ ಕರಿಮೆಣಸು,
ಎಲ್ಲದರ ನಡುವೆ ಮೆತ್ತಗೆ ಸುತ್ತಿದ
ಕೆಂಪು ರೇಷ್ಮೆ ನೂಲು.

ಇವರ ಚೇಲೆಯದು.
ಹುತ್ತರಿಯ ದಿನ ಅಂಚು ಹರಿದಿದ್ದು ಕಂಡು
ಓರಗಿತ್ತಿ ಬೊಳ್ಳವ್ವನ ಜೊತೆ
ಮಾತು ಬಿಟ್ಟಿದ್ದೆ.

ಫಿಲ್ಟರನ್ನು ಒಗೆಯುವ ಕಲ್ಲಿಗೆ ತಟ್ಟಿದೆ.
ಧೂಳು, ಸೀನು, ಮತ್ತೆ ಧೂಳು.
ಮುರಿದ ಕ್ಲಿಪ್ಪಿಗೆ ಬೈಂಡಿಂಗ್ ವೈರು.
ಒಂದೇ ಸೆಲ್ಫಿಗೆ ಸ್ಟಾರ್ಟು!

ಆಫ್ ಮಾಡಿದೆ.
ಬೊಳ್ಳವ್ವನ ಮನೆಗೆ ಪೂರ್ತಿ ಇಳಿಜಾರು,
ಇಂಜಿನ್ನೇ ಬೇಕಿಲ್ಲ.
ನೂಲು ಜೇಬಿನಲ್ಲಿದೆ,
ಹ್ಯಾಂಡ್‌ಬ್ರೇಕ್ ಇನ್ನೂ ಮೇಲೆ.