ಬಾತ್ ಊರಿನಲ್ಲಿ ಎರಡಕ್ಷರ

ನಲವತ್ತು ನಿಮಿಷ ಕೊಟ್ಟಿದ್ದಾನೆ ಟೂರ್ ಮ್ಯಾನೇಜರ್.
ಶೌಚ, ಫೋಟೊ, ಇತಿಹಾಸ ಎಲ್ಲ ಅದರೊಳಗೇ.
ನಿನ್ನೆ ಬಯಲಿನ ಕಲ್ಲುಗಳ ವರ್ತುಲ, ನಾಳೆ ಯಾವುದೋ ಕೋಟೆ,
ಇವತ್ತು ಬಾತ್: ರೋಮಿನವರು ಕಟ್ಟಿದ ಬಿಸಿನೀರ ಕೊಳ.

ಕಿವಿಗೆ ಹಿಡಿದರೆ ಮಾತಾಡುವ ಯಂತ್ರ
ಬಹಳ ಭಾಷೆ ಬಲ್ಲದಂತೆ; ನನ್ನದೊಂದಿಲ್ಲ.
ಇರಲಿ. ಕಲ್ಲಿಗೆ ಕಿವಿ ಕೊಟ್ಟೇ
ಮೂವತ್ತೊಂದು ವರ್ಷ ಸಂಬಳ ಎಣಿಸಿದವನು ನಾನು,
ಶಾಸನಗಳ ಅಚ್ಚು ತೆಗೆಯುವ ಕೆಲಸ.
ಕಲ್ಲು ತೊಳೆ, ಒದ್ದೆ ಕಾಗದ ಹಚ್ಚು, ಬ್ರಶ್ಶಿನಿಂದ ಬಡಿ,
ಮಸಿಯುಂಡೆ ಒತ್ತು;
ಕಪ್ಪಿನೊಳಗಿಂದ ಬೆಳ್ಳಗೆ ಏಳುತ್ತಿದ್ದವು ಅಕ್ಷರ
ನಿದ್ದೆಗಣ್ಣಿನ ಮಕ್ಕಳ ಹಾಗೆ.
ಓದುವುದು ಸಾಹೇಬರ ಪಾಲು. ಎಬ್ಬಿಸುವುದಷ್ಟೇ ನನ್ನದು.

ಕೊಳ ಪಾಚಿಹಸಿರು, ಹಬೆಯಾಡುತ್ತಿದೆ.
ನೀರು ಮುಟ್ಟಬೇಡಿ ಅಂತ ಬೋರ್ಡು.
"ಇಷ್ಟು ನೀರು, ಕಾಲಿಗೆ ಹಾಕ್ಕೊಳ್ಳೋಕೆ ಒಂದು ಚೊಂಬಿಲ್ಲ"
ಗೊಣಗುತ್ತಾಳೆ ನಮ್ಮ ಗುಂಪಿನ ನೀಲಗಂಗವ್ವ.

ಒಳಗೆ, ಮಬ್ಬು ಬೆಳಕಿನ ಗಾಜಿನ ಹಿಂದೆ
ಸೀಸದ ತಗಡುಗಳು, ವೀಳ್ಯದೆಲೆಯಷ್ಟೇ ಗಾತ್ರ.
ಕೊರೆದು, ಮಡಚಿ, ದೇವಿಯ ಬುಗ್ಗೆಗೆ ಎಸೆದ ದೂರುಗಳಂತೆ.
ಟ್ಯಾಮ್ಸಿನ್ ಅನ್ನುವ ಹುಡುಗಿ, ಇಲ್ಲಿಯ ಗೈಡು,
ನಿಧಾನದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳುತ್ತಾಳೆ:
ಇವನ ಮೇಲಂಗಿ ಹೋಯಿತು, ಇವನ ಎರಡು ಕೈಗವಸು,
ಇವನದು ಕಂಚಿನ ಬೋಗುಣಿ.
ಕದ್ದವನು ಗಂಡಾಗಲಿ ಹೆಣ್ಣಾಗಲಿ, ಆಳಾಗಲಿ ಆಳುವವನಾಗಲಿ,
ನಿದ್ದೆ ಕೊಡಬೇಡ ತಾಯಿ, ಮಕ್ಕಳ ಕೊಡಬೇಡ,
ತಂದು ನಿನ್ನ ಗುಡಿಯಲ್ಲಿ ಒಪ್ಪಿಸುವ ತನಕ.

ನಕ್ಕರು ಎಲ್ಲ. ಕೈಗವಸಿಗೆ ಇಷ್ಟು ಸಿಟ್ಟೇ!
ನಾನೂ ನಗಲು ಹೋದೆ. ಬಾಯಿ ಅರ್ಧಕ್ಕೆ ನಿಂತಿತು.

ಈ ದನಿ ನನಗೆ ಗೊತ್ತು.
ನಮ್ಮ ಕಲ್ಲುಗಳ ಕೊನೆಯ ಸಾಲಿನಲ್ಲಿ ಇದೇ ದನಿ:
ಇದನಳಿದವನು ಗಂಗೆಯ ತಡಿಯಲ್ಲಿ
ಸಾವಿರ ಕವಿಲೆಯ ಕೊಂದ ಪಾಪಕ್ಕೆ ಹೋಗುವನು,
ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗುವನು.
ಎಷ್ಟು ಸಲ ಬಡಿದಿದ್ದೇನೆ ಆ ಸಾಲನ್ನು,
ಕ್ರಿಮಿಯ ಒತ್ತು ಸರಿಯಾಗಿ ಮೂಡಲೆಂದು.

ಎಪ್ಪತ್ತೆಂಟರ ಚಳಿಗಾಲ. ಕಡಲೆ ಹೊಲದ ಬದು.
ಒಡೆದ ಶಾಸನ. ಸಾಹೇಬರು ಜೀಪು ಹತ್ತಿ ಊಟಕ್ಕೆ ಹೋಗಿದ್ದರು.
ಮುಷ್ಟಿಯಷ್ಟು ಚೂರು ಕಾಲಿಗೆ ತೊಡರಿತು,
ಅದರ ಮೇಲೆ ಎರಡೇ ಅಕ್ಷರ, ದುಂಡಗೆ, ಮುದ್ದಾಗಿ.
ಕಿಸೆಗೆ ಇಳಿಯಿತು.
ಇವತ್ತಿಗೂ ನನ್ನ ಮೇಜಿನ ಮೇಲಿದೆ,
ಕರೆಂಟ್ ಬಿಲ್ಲು ಹಾರದಂತೆ ಹಿಡಿದುಕೊಂಡು.

ಕೊ. ಟ್ಟ.

ಯಾರು ಕೊಟ್ಟ, ಏನು ಕೊಟ್ಟ, ಯಾರಿಗೆ,
ಅದೆಲ್ಲ ಆ ಬದುವಿನ ಕಲ್ಲಿನಲ್ಲೇ ಉಳಿದಿದೆ.
ಒಬ್ಬ ಗಾವುಂಡ, ಕೆರೆಯ ಕೆಳಗಿನ ಹನ್ನೆರಡು ಮತ್ತರು,
ಕಾಲು ತೊಳೆದು, ಧಾರೆಯೆರೆದು...
ಅಲ್ಲಿಗೆ ನಿಂತಿದೆ ವಾಕ್ಯ.
ಎತ್ತಿದ ಗಿಂಡಿ ಇಳಿಸಲಾಗದೆ
ನಲವತ್ತಾರು ವರ್ಷದಿಂದ ನೀರು ಬಿಡುತ್ತಲೇ ಇದ್ದಾನೆ ಅವನು.
ಒಡ್ಡಿದ ಅಂಗೈ ಒಡ್ಡಿದಂತೆಯೇ ಇದೆ.
ಕ್ರಿಯಾಪದ ನನ್ನ ಮನೆಯಲ್ಲಿದೆ.

ಆಚೆ, ಕೊಳ ತುಂಬಿ ಮಿಕ್ಕ ನೀರು
ಹಳೆಯ ಕಮಾನಿನಡಿ ಧುಮುಕುತ್ತಿತ್ತು, ಕಲ್ಲಿಗೆ ಕಾವಿ ಬಳಿದು,
ಯಾರ ಅಂಗೈಗೋ.
"ಆ ಕೈಗವಸು ಕೊನೆಗೆ ಸಿಕ್ಕವೇ?" ಕೇಳಿದೆ.
ಟ್ಯಾಮ್ಸಿನ್ ಭುಜ ಕುಣಿಸಿದಳು:
"ಸಿಕ್ಕಿತು ಅಂತ ಯಾರು ತಗಡು ಕೊರೆಯುತ್ತಾರೆ?"

ಹೊರಡುವಲ್ಲಿ ಒಂದು ನಲ್ಲಿ, ಕುಡಿಯಲು ಅದೇ ನೀರು.
ನೀಲಗಂಗವ್ವ ತೀರ್ಥದಂತೆ ಅಂಗೈಗೆ ಹಾಕಿಕೊಂಡು ಕಣ್ಣಿಗೊತ್ತಿದಳು, ಕುಡಿದು ಮುಖ ಹಿಂಡಿದಳು.
ಒದ್ದೆ ಕಲ್ಲಿಗೆ ನಾಲಗೆ ಇಟ್ಟ ರುಚಿ.
ಮ್ಯಾನೇಜರ್ ಹೊರಗೆ ತಲೆ ಎಣಿಸುತ್ತಿದ್ದ, ಒಂದು ಕಡಿಮೆ ಅಂತ ಕೂಗಿದ.

ನಾನು ಅಂಗಡಿಯ ಸಾಲಿನಲ್ಲಿದ್ದೆ.
ಗಾಜಿನದೊಂದು ಪೇಪರ್‌ವೇಟ್, ಎಂಟು ಪೌಂಡು.
ರಸೀದಿ ಬೇಕೇ ಅಂದಳು ಕೌಂಟರಿನವಳು.
ಬೇಕು ಅಂದೆ.